ಮಳೆ ಬಂದ್ರೆ ಮಾತ್ರ ಕೈಕೊಡ್ತಿದ್ದ ಪಿಕಪ್: ಬಿಸಿಎಂ ಬದಲಾಯಿಸಿದ ಒಂದು ಕೇಸ್

ಗಾಡಿ ಒಂದು ಡಬಲ್ ಕ್ಯಾಬ್ ಡೀಸೆಲ್ ಪಿಕಪ್, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರದ್ದು. ಗೊಬ್ಬರ, ಕಾಳುಮೆಣಸಿನ ಚೀಲ, ಮೋಟರ್ ಪಂಪು, ಕೆಲಸದವರ ಊಟದ ಪಾತ್ರೆ, ಎಲ್ಲಾ ಅದರಲ್ಲೇ, ಜೊತೆಗೆ ಆಗಾಗ ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆ ಹೋಗಿಬರೋದೂ ಅದರಲ್ಲೇ. ಕಂಪ್ಲೇಂಟ್ ಒಂದಾಗಿದ್ರೆ ಹೇಳಬಹುದಿತ್ತು, ಇಲ್ಲಿ ಒಂದು ಪಟ್ಟಿನೇ ಇತ್ತು. ವೈಪರ್ ಸ್ವಿಚ್ ಆಫ್ ಇದ್ರೂ ಒಂದು ಸಲ ಹೊಡೆದು ನಿಲ್ಲುತ್ತೆ, ಲಾಕ್ ಮಾಡಿ ಮನೆ ಒಳಗೆ ಹೋದ್ಮೇಲೆ ಸೆಂಟ್ರಲ್ ಲಾಕ್ ತನ್ನಷ್ಟಕ್ಕೆ ಟಕ್ ಟಕ್ ಅನ್ನುತ್ತೆ, ರೂಫ್ ಲೈಟ್ ಆರಲ್ಲ, ಎರಡು ದಿನ ನಿಲ್ಸಿದ್ರೆ ಬ್ಯಾಟರಿ ಸತ್ತಿರುತ್ತೆ, ಕೆಲವು ಸಲ ಕೀ ತಿರುಗಿಸಿದ್ರೆ ಸೆಲ್ಫೇ ಹೊಡಿಯಲ್ಲ, ಡ್ಯಾಶಲ್ಲಿ ಕೀ ಗುರುತಿನ ಲೈಟ್ ಮಿಣಮಿಣ ಅಂತಿರುತ್ತೆ ಅಷ್ಟೇ. ನನಗೆ ನಿಜವಾಗ್ಲೂ ಭಯ ಹುಟ್ಟಿಸಿದ್ದು ಮಾತ್ರ ಕೊನೆಗೆ ಅವರು ಹೇಳಿದ್ದು: ಘಾಟಿಲಿ ರಾತ್ರಿ ಮಂಜಲ್ಲಿ ಇಳಿಯೋವಾಗ ಎಡಗಡೆ ಹೆಡ್‌ಲೈಟ್ ಆಫ್ ಆಗುತ್ತೆ, ಒಂದಷ್ಟು ದೂರ ಹೋದ್ಮೇಲೆ ತಾನೇ ವಾಪಸ್ ಬರುತ್ತೆ. ಚಾರ್ಮಾಡಿಲಿ ರಸ್ತೆ ಅಂಚಲ್ಲಿ ಎಂಥ ಕಂದಕ ಇರುತ್ತೆ ಅಂತ ಆ ರಸ್ತೆಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ.

ನನ್ನ ಹತ್ರ ಬರೋ ಹೊತ್ತಿಗೆ ಹೊಸ ಬ್ಯಾಟರಿ ಹಾಕಿಸಿ ಆಗಿತ್ತು, ಸೆಲ್ಫ್ ಮೋಟರ್ ಬಿಚ್ಚಿ ಸರ್ವಿಸ್ ಮಾಡಿಸಿ ಆಗಿತ್ತು, ವೈಪರ್ ಸ್ವಿಚ್ ಕೂಡ ಹೊಸದು. ಕೊನೆಗೆ ಒಂದು ಕಡೆ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನ ದೋಷ ಓದೋ ಯಂತ್ರ) ಹಾಕಿ ಬಿಸಿಎಂ ಅನ್ನೋ ಕಂಟ್ರೋಲ್ ಬಾಕ್ಸ್ ಹೋಗಿದೆ, ಅದನ್ನ ಬದಲಾಯಿಸಿದ್ರೆ ಎಲ್ಲಾ ಸರಿ ಹೋಗುತ್ತೆ ಅಂತ ಹೇಳಿ ದೊಡ್ಡ ಎಸ್ಟಿಮೇಟ್ ಕೊಟ್ಟಿದ್ರು. ಬಿಸಿಎಂ ಹೋಗಿತ್ತು, ಅದು ಸುಳ್ಳಲ್ಲ. ಆದ್ರೆ ಅದು ಯಾಕೆ ಹೋಯ್ತು ಅಂತ ಯಾರೂ ನೋಡಿರಲಿಲ್ಲ, ಹಾಗೇ ಹೊಸದು ಹಾಕಿದ್ರೆ ಮುಂದಿನ ಮಳೆಗಾಲದಲ್ಲಿ ಅದೂ ಅದೇ ದಾರಿ ಹಿಡೀತಿತ್ತು, ನಾನು ಈ ಕೇಸನ್ನ ಇಷ್ಟು ಉದ್ದ ಬರಿಯೋಕೆ ಕಾರಣನೂ ಅದೇ.

ಗೊತ್ತಿಲ್ಲದವರಿಗೆ ಬಿಸಿಎಂ ಅಂದ್ರೆ ಏನು ಅಂತ ಸ್ವಲ್ಪ ಹೇಳ್ತೀನಿ. ಬಾಡಿ ಕಂಟ್ರೋಲ್ ಮಾಡ್ಯೂಲ್. ಮೊದಲೆಲ್ಲ ಲೈಟ್ ಸ್ವಿಚ್ಚಿಂದ ವೈರ್ ಹೊರಟ್ರೆ ರಿಲೇ ಮೂಲಕ ನೇರ ಬಲ್ಬಿಗೇ ಹೋಗ್ತಿತ್ತು, ಈಗ ಸ್ವಿಚ್ಚಿಂದ ಬರೀ ಒಂದು ಸಣ್ಣ ಸಿಗ್ನಲ್ ಈ ಬಾಕ್ಸಿಗೆ ಹೋಗುತ್ತೆ, ಯಾವ ಬಲ್ಬಿಗೆ ಕರೆಂಟ್ ಕೊಡಬೇಕು, ಎಷ್ಟು ಹೊತ್ತು ಕೊಡಬೇಕು ಅಂತ ತೀರ್ಮಾನ ಮಾಡೋದು ಬಾಕ್ಸು. ತೋಟದಲ್ಲಿ ರೈಟ್ರು ಇದ್ದ ಹಾಗೆ, ಸಾಹುಕಾರ್ರು ಹೇಳಿದ್ದು ಕೆಲಸದವರಿಗೆ ಮುಟ್ಟೋದು ಅವರ ಮೂಲಕನೇ. ಲೈಟು, ಇಂಡಿಕೇಟರ್, ವೈಪರ್, ಹಾರನ್, ಡೋರ್ ಲಾಕ್, ಎಷ್ಟೋ ಗಾಡಿಗಳಲ್ಲಿ ಸರಿಯಾದ ಕೀ ಇಲ್ಲದೆ ಇಂಜಿನ್ ಸ್ಟಾರ್ಟ್ ಆಗೋಕೆ ಬಿಡದ ಇಮ್ಮೊಬಿಲೈಸರ್ ಕೂಡ ಅದರೊಳಗೇ ಇರುತ್ತೆ, ಈ ಗಾಡಿಲೂ ಹಾಗೇ ಇತ್ತು. ಇಂಜಿನ್ ಇಸಿಎಂ (ಇಂಜಿನ್ನಿನ ಕಂಪ್ಯೂಟರ್), ಮೀಟರ್ ಬೋರ್ಡು, ಬ್ರೇಕಿನ ಎಬಿಎಸ್ಸು ಇವೆಲ್ಲದರ ಜೊತೆ ಅದು ಮಾತಾಡೋದು ಕ್ಯಾನ್ ಬಸ್ ಅನ್ನೋ ಎರಡು ಹೆಣೆದ ವೈರ್ ಮೇಲೆ, ಬಾಷ್ ಕಂಪನಿ 1986ರಲ್ಲಿ ಹೊರಗೆ ತಂದಿದ್ದು, ಇವತ್ತು ಹೆಚ್ಚುಕಡಿಮೆ ಎಲ್ಲಾ ಗಾಡಿಲೂ ಇದೆ.

ನಾನು ಮೊದಲು ಸ್ಕ್ಯಾನರ್ ಹಾಕಲ್ಲ, ಮೊದಲು ಕೇಳೋದು. ಯಾವಾಗ ಶುರುವಾಯ್ತು, ಯಾವಾಗ ಜಾಸ್ತಿ ಆಗುತ್ತೆ, ಎಲ್ಲಿ ನಿಲ್ಲಿಸ್ತೀರಿ. ಅವರು ಹೇಳಿದ ಪ್ರಕಾರ ಫೆಬ್ರವರಿ ಮಾರ್ಚಲ್ಲಿ ಗಾಡಿ ಸರಿಯಾಗೇ ಇತ್ತು, ಜೂನಲ್ಲಿ ಮಳೆ ಹಿಡಿದ ಮೇಲೆ ಶುರು, ಮಧ್ಯೆ ನಾಲ್ಕು ದಿನ ಬಿಸಿಲು ಬಂದ್ರೆ ಅರ್ಧ ತೊಂದರೆ ತಾನೇ ಕಮ್ಮಿ. ಶೆಡ್ ಇಲ್ಲ, ಮನೆ ಎದುರು ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸೋದು. ಅಷ್ಟು ಕೇಳಿದ್ಮೇಲೆ ನೀರಿನ ಮೇಲೆ ಅನುಮಾನ ಬರದೇ ಇರೋಕೆ ಸಾಧ್ಯನೇ ಇಲ್ಲ, ಆದ್ರೂ ಅನುಮಾನ ಬೇರೆ, ಮೀಟರಲ್ಲಿ ತೋರಿಸೋದು ಬೇರೆ.

ಬ್ಯಾಟರಿ ಚಾರ್ಜ್ ಮಾಡಿ ಇಟ್ಟು ನೋಡಿದ್ರೆ 12.6 ವೋಲ್ಟ್, ಹೊಸದು, ಚೆನ್ನಾಗೇ ಇತ್ತು. ಅರ್ಥ್ ನೋಡಿದೆ, ಲೈಟೆಲ್ಲ ಆನ್ ಮಾಡಿ ಬ್ಯಾಟರಿ ಮೈನಸ್ಸಿಂದ ಬಾಡಿಗೆ ವೋಲ್ಟೇಜ್ ಡ್ರಾಪ್ ಅಳೆದ್ರೆ 0.1 ವೋಲ್ಟಿಗಿಂತ ಕಮ್ಮಿ, ಅದೂ ಸರಿ. ಬಿಸಿಎಂ ಕಪ್ಲರ್ (ವೈರುಗಳನ್ನ ಬಾಕ್ಸಿಗೆ ಸಿಕ್ಕಿಸೋ ಪ್ಲಗ್) ಬಿಚ್ಚಿ ಅದರ ಪ್ಲಸ್ ಮತ್ತೆ ಅರ್ಥ್ ಪಿನ್ನುಗಳ ಮಧ್ಯೆ 21 ವ್ಯಾಟ್ ಬಲ್ಬ್ ಹಾಕಿ ನೋಡಿದೆ, ಪೂರ್ತಿ ಬೆಳಕು ಕೊಡ್ತು. ಇಲ್ಲಿ ಎಷ್ಟೋ ಜನ ಬರೀ ಮಲ್ಟಿಮೀಟರ್ ಇಟ್ಟು 12 ತೋರಿಸ್ತು, ಸಪ್ಲೈ ಸರಿ ಇದೆ ಅಂತಾರೆ. ವೈರೊಳಗೆ ಒಂದೇ ಒಂದು ಎಳೆ ಉಳಿದಿದ್ರೂ ಮೀಟರ್ 12 ತೋರಿಸುತ್ತೆ, ಯಾಕಂದ್ರೆ ಮೀಟರ್ ಕರೆಂಟನ್ನೇ ಎಳೆಯಲ್ಲ. ಬಲ್ಬ್ ಎಳೆಯುತ್ತೆ, ಸುಮಾರು ಒಂದೂಮುಕ್ಕಾಲು ಆಂಪ್, ಅಲ್ಲಿ ಬಣ್ಣ ಬಯಲಾಗುತ್ತೆ.

ಆಮೇಲೆ ಬ್ಯಾಟರಿ ಯಾಕೆ ಇಳಿತಿದೆ ಅನ್ನೋದು. ಗಾಡಿ ಲಾಕ್ ಮಾಡಿ, ಮೈನಸ್ ಕೇಬಲ್ಲಿಗೆ ಕ್ಲಾಂಪ್ ಮೀಟರ್ ಹಾಕಿ, ಡೋರ್ ತೆಗೆದಿದ್ರೂ ಗಾಡಿಗೆ ಮುಚ್ಚಿದೆ ಅನ್ನಿಸೋ ಹಾಗೆ ಡೋರ್ ಲಾಕಿನ ಕೊಕ್ಕೆನ ಸ್ಕ್ರೂಡ್ರೈವರಲ್ಲಿ ಒಳಗೆ ತಳ್ಳಿ ಬಿಟ್ಟೆ. ಮುಕ್ಕಾಲು ಗಂಟೆ ಕಾದೆ, ಯಾಕಂದ್ರೆ ಮಾಡ್ಯೂಲುಗಳೆಲ್ಲ ಮಲಗೋಕೆ ಟೈಮ್ ತಗೊಳುತ್ವೆ. ಮಲಗಿದ ಗಾಡಿ ಸಾಮಾನ್ಯವಾಗಿ 50 ಮಿಲಿಆಂಪ್ ಒಳಗೆ ಇರಬೇಕು, ಇದು 1.7 ಆಂಪ್ ಎಳೀತಾನೇ ಇತ್ತು. 70 ಆಂಪ್ ಅವರ್ ಬ್ಯಾಟರಿ, ಲೆಕ್ಕ ಹಾಕಿದ್ರೆ ಎರಡು ದಿನ ತುಂಬೋ ಮುಂಚೆನೇ ಖಾಲಿ. ಎಲ್ಲಿಗೆ ಹೋಗ್ತಿದೆ ಅಂತ ನೋಡೋಕೆ ಒಂದೊಂದೇ ಫ್ಯೂಸ್ ಕೀಳಬಾರದು, ಕಿತ್ತು ಹಾಕಿದ್ರೆ ಮಲಗಿರೋ ಮಾಡ್ಯೂಲ್ ಮತ್ತೆ ಎದ್ದು ಕೂರುತ್ತೆ, ನಿಮ್ಮ ರೀಡಿಂಗೇ ಹಾಳು. ಫ್ಯೂಸಿನ ತಲೆ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತಲ್ಲ, ಅದರ ಮೇಲೆ ಮಿಲಿವೋಲ್ಟ್ ಅಳೆದ್ರೆ ಸಾಕು, ಕರೆಂಟ್ ಹರಿತಿರೋ ಫ್ಯೂಸ್ ಮಾತ್ರ ರೀಡಿಂಗ್ ಕೊಡುತ್ತೆ. ಬಿಸಿಎಂ ಫ್ಯೂಸ್ ಕೊಡ್ತು, ಜೊತೆಗೆ ಮೀಟರ್ ಬೋರ್ಡಿಂದು, ಇನ್ನೊಂದೆರಡು. ಅಂದ್ರೆ ಬಿಸಿಎಂ ತಾನೂ ಮಲಗ್ತಿಲ್ಲ, ಬಸ್ ಮೇಲೆ ಇರೋ ಬೇರೆಯವರನ್ನೂ ಮಲಗೋಕೆ ಬಿಡ್ತಿಲ್ಲ.

ಈಗ ಸ್ಕ್ಯಾನರ್. ಇಂಜಿನ್ ಇಸಿಎಂನಲ್ಲಿ ಯು0140 ಇತ್ತು, ಬಿಸಿಎಂ ಜೊತೆ ಮಾತುಕತೆ ಕಡಿದುಹೋಗಿತ್ತು ಅನ್ನೋ ಕೋಡು. ಈ ಒಂದು ಕೋಡ್ ನೋಡಿನೇ ಬಾಕ್ಸ್ ಬದಲಾಯಿಸೋರು ಇದಾರೆ. ಆ ಕೋಡ್ ಹೇಳೋದು ಮಾತು ನಿಂತಿತ್ತು ಅಂತ ಮಾತ್ರ, ಯಾಕೆ ನಿಂತಿತ್ತು ಅಂತ ಹೇಳಲ್ಲ, ವೈರ್ ಕಟ್ ಆಗಿದ್ರೂ ಅದೇ ಕೋಡು, ಅರ್ಥ್ ಹೋಗಿದ್ರೂ ಅದೇ ಕೋಡು, ಬ್ಯಾಟರಿ ಪೂರ್ತಿ ಇಳಿದಿದ್ರೂ ಅದೇ. ಹಾಗಾಗಿ ಬ್ಯಾಟರಿ ಟರ್ಮಿನಲ್ ತೆಗೆದು ಸ್ಕ್ಯಾನರ್ ಸಿಕ್ಕಿಸೋ ಒಬಿಡಿ ಸಾಕೆಟ್ಟಿನ 6 ಮತ್ತೆ 14ನೇ ಪಿನ್ (ಕ್ಯಾನ್ ಬಸ್ಸಿನ ಎರಡು ವೈರ್) ಮಧ್ಯೆ ಓಮ್ಸ್ ನೋಡಿದೆ, 60 ಬಂತು. ಬಸ್ಸಿನ ಎರಡು ತುದಿಲಿ 120 ಓಮಿನ ಎರಡು ರೆಸಿಸ್ಟರ್ ಪ್ಯಾರಲಲ್ ಇರುತ್ವೆ, 60 ಬಂದ್ರೆ ಮೇನ್ ಲೈನ್ ಸರಿ ಇದೆ ಅಂತ ಅರ್ಥ, 120 ಬಂದಿದ್ರೆ ಎಲ್ಲೋ ಕಟ್ ಇದೆ ಅಂತ ಹುಡುಕ್ತಿದ್ದೆ.

ನಿಜವಾದ ಸಾಕ್ಷಿ ಸಿಕ್ಕಿದ್ದು ಲೈವ್ ಡೇಟಾದಲ್ಲಿ. ನಾಲ್ಕೂ ಡೋರ್ ಮುಚ್ಚಿದ್ದೀನಿ, ಸ್ಕ್ಯಾನರಲ್ಲಿ ಹಿಂದಿನ ಎಡ ಡೋರ್ ತೆಗೆದಿದೆ ಅಂತ ಬರ್ತಿದೆ, ಒಂದು ನಿಮಿಷಕ್ಕೆ ಮುಚ್ಚಿದೆ, ಮತ್ತೆ ತೆಗೆದಿದೆ. ಕಪ್ಲರ್ ತೆಗೆದು ಅದೇ ಡೋರ್ ಸ್ವಿಚ್ಚಿನ ವೈರನ್ನ ಕಪ್ಲರ್ ತುದಿಲಿ ಅಳೆದೆ, ಡೋರ್ ತೆಗೆದಾಗ ಒಂದು, ಮುಚ್ಚಿದಾಗ ಇನ್ನೊಂದು, ಒಂಚೂರೂ ತಪ್ಪಿಲ್ಲ. ಬಾಕ್ಸಿನ ಬಾಗಿಲ ತನಕ ಸುದ್ದಿ ಸರಿಯಾಗಿ ಬರ್ತಿದೆ, ಸಪ್ಲೈ ಸರಿ, ಅರ್ಥ್ ಸರಿ, ಬಸ್ ಸರಿ, ಒಳಗೆ ಹೋದ್ಮೇಲೆ ಸುದ್ದಿ ತಿರುಚಿಹೋಗ್ತಿದೆ. ಹೀಗೆ ಎಲ್ಲಾ ಕಡೆಯಿಂದ ಮುಚ್ಚಿಕೊಂಡು ಬಂದ ಮೇಲೆನೇ ಬಾಕ್ಸ್ ಹೋಗಿದೆ ಅಂತ ಹೇಳೋ ಧೈರ್ಯ ಮಾಡಬೇಕು, ಯಾಕಂದ್ರೆ ಗ್ರಾಹಕರ ದುಡ್ಡು ಸಣ್ಣದಲ್ಲ, ಒಂದು ಸಲ ಕೋಡ್ ಮಾಡಿದ ಮಾಡ್ಯೂಲನ್ನ ಅಂಗಡಿಯವರು ವಾಪಸ್ ತಗೊಳೋದೂ ಕಷ್ಟ.

ಬಾಕ್ಸ್ ಇದ್ದಿದ್ದು ಡ್ಯಾಶ್‌ಬೋರ್ಡ್ ಕೆಳಗೆ, ಕ್ಲೀನರ್ ಸೀಟಿನ ಕಡೆ, ಬ್ಲೋವರ್ ಪಕ್ಕದಲ್ಲಿ. ಟ್ರಿಮ್ ಬಿಚ್ಚಿದಾಗ ಹಿಂದಿನ ಮ್ಯಾಟಿಂಗ್ ಒದ್ದೆ, ಕೈಲಿ ಹಿಂಡಿದ್ರೆ ನೀರು. ಕಪ್ಲರಲ್ಲಿ ಅಕ್ಕಪಕ್ಕದ ಎರಡು ಪಿನ್ ಹಸಿರು ಬಣ್ಣಕ್ಕೆ ತಿರುಗಿದ್ವು. ಒಂದು ಯಾವಾಗ್ಲೂ ಬ್ಯಾಟರಿ ಕರೆಂಟ್ ಇರೋ ಪಿನ್, ಇನ್ನೊಂದು ಕೀ ಆನ್ ಆಗಿದೆ ಅಂತ ಬಾಕ್ಸನ್ನ ಎಬ್ಬಿಸೋ ಪಿನ್. ಮಧ್ಯೆ ಆ ಹಸಿರು ಪದಾರ್ಥ ಒದ್ದೆಯಾದಾಗ ಸಣ್ಣಗೆ ಕರೆಂಟ್ ದಾಟುತ್ತೆ, ಬಾಕ್ಸಿಗೆ ಯಾರೋ ಕೀ ತಿರುಗಿಸಿದ ಹಾಗೆ ಅನಿಸುತ್ತೆ, ಎದ್ದು ಕೂರುತ್ತೆ. ಬಿಸಿಲು ಬಂದು ಒಣಗಿದ್ರೆ ದಾಟಲ್ಲ, ಗಾಡಿ ಸರಿಯಾಗುತ್ತೆ. ಕೋಡು ನೋಡೋಕಿಂತ ಮುಂಚೆ ಗಾಡಿ ಓನರ್ ಬಾಯಲ್ಲಿ ಕೇಳಿದ್ದು ಇಲ್ಲಿ ಅಕ್ಷರ ಅಕ್ಷರಕ್ಕೂ ಕೂಡಿ ಬಂತು.

ನೀರು ಎಲ್ಲಿಂದ? ಬಾನೆಟ್ ತೆಗೆದು, ವೈಪರ್ ಕೈಗಳನ್ನ ಬಿಚ್ಚಿ, ಗಾಜಿನ ಬುಡದ ಪ್ಲಾಸ್ಟಿಕ್ ಕವರ್ ಎತ್ತಿದೆ. ಸಿಲ್ವರ್ ಓಕ್ ಎಲೆ ನೋಡಿದವರಿಗೆ ಗೊತ್ತು, ಜರೀಗಿಡದ ಥರ ಸೀಳು ಸೀಳಾಗಿ, ಒಣಗಿದ್ರೆ ಗಾಜಿನ ಬುಡದ ಜಾಲರಿಲಿ ಸಲೀಸಾಗಿ ಒಳಗೆ ಇಳಿಯುತ್ತೆ. ಒಳಗೆ ನಾಲ್ಕು ಬೆರಳು ದಪ್ಪ ಕಪ್ಪು ಗೊಬ್ಬರ ಆಗಿ ಕೂತಿತ್ತು, ಅದರಲ್ಲಿ ಎರಡು ಸಣ್ಣ ಗಿಡ ಬೇರೆ ಹುಟ್ಟಿ ಎಲೆ ಬಿಟ್ಟಿದ್ವು. ನೀರು ಹೊರಗೆ ಹೋಗೋ ಡ್ರೈನ್ ರಬ್ಬರ್ ಪೂರ್ತಿ ಮುಚ್ಚಿಹೋಗಿತ್ತು. ಮಲೆನಾಡಿನ ಜೋರು ಮಳೆಗೆ ಆ ತೊಟ್ಟಿ ತುಂಬಿ, ಬ್ಲೋವರಿಗೆ ಗಾಳಿ ಹೋಗೋ ಕಿಂಡಿಯಿಂದಲೂ ವೈರಿಂಗ್ ಕಿಟ್ (ವೈರುಗಳ ಕಟ್ಟು) ಒಳಗೆ ಬರೋ ತೂತಿನ ರಬ್ಬರ್ ಗ್ರಾಮೆಟ್ಟಿನ ಸಂದಿಯಿಂದಲೂ ಕ್ಯಾಬಿನ್ ಒಳಗೆ ಇಳೀತಿತ್ತು. ವೈರಿಂಗ್ ಕಿಟ್ ಮೇಲಿಂದ ಇಳಿದು ಸೀದಾ ಬಿಸಿಎಂ ಕಪ್ಲರಿಗೆ ಹೋಗಿದ್ರಿಂದ ನೀರಿಗೆ ದಾರಿ ತೋರಿಸಿ ಕೊಟ್ಟ ಹಾಗೇ ಆಗಿತ್ತು. ಮರದ ಕೆಳಗೆ ಗಾಡಿ ನಿಲ್ಲಿಸೋರು ಮೇ ತಿಂಗಳಲ್ಲಿ ಒಂದು ಸಲ ಈ ಜಾಗ ಕ್ಲೀನ್ ಮಾಡಿಸಿ, ಅರ್ಧ ಗಂಟೆ ಕೆಲಸ, ದಯವಿಟ್ಟು ಮಾಡಿಸಿ.

ಹೆಡ್‌ಲೈಟಿನ ಕಥೆ ಬೇರೆ. ಮಂಜಿಗೆ ಅಂತ ಕ್ಯಾಬಿನ್ ಮೇಲೆ ಒಂದು ದೊಡ್ಡ ಎಲ್‌ಇಡಿ ಬಾರ್ ಹಾಕಿಸಿದ್ರು, 120 ವ್ಯಾಟಿಂದು, ಅದಕ್ಕೆ ಕರೆಂಟ್ ತಗೊಂಡಿದ್ದು ಎಡ ಹೆಡ್‌ಲೈಟಿನ ಡಿಮ್ ವೈರಿಂದ, ರಿಲೇ ಇಲ್ಲ, ವೈರ್ ಸುಲಿದು ಸುತ್ತಿ ಟೇಪ್ ಹೊಡೆದಿದ್ರು. ಆ ವೈರ್ 55 ವ್ಯಾಟ್ ಬಲ್ಬಿಗೆ ಅಂತ ಇರೋದು, ನಾಲ್ಕೂವರೆ ಆಂಪ್ ಚಿಲ್ಲರೆ. ಈಗ ಅದರ ಮೇಲೆ ಇನ್ನೂ ಹತ್ತು ಆಂಪ್. ಈ ಗಾಡಿಲಿ ಹೆಡ್‌ಲೈಟಿಗೆ ರಿಲೇ ಇಲ್ಲ, ಬಿಸಿಎಂ ಒಳಗಿನ ಒಂದು ಸೆಮಿಕಂಡಕ್ಟರ್ ಸ್ವಿಚ್ಚೇ ಕರೆಂಟ್ ಕೊಡೋದು, ಬಿಸಿ ಜಾಸ್ತಿಯಾದ್ರೆ ತನ್ನನ್ನ ತಾನು ಉಳಿಸಿಕೊಳ್ಳೋಕೆ ಆಫ್ ಆಗುತ್ತೆ, ತಣ್ಣಗಾದ್ರೆ ಮತ್ತೆ ಆನ್. ಘಾಟಿಲಿ ಎಡಗಡೆ ಕತ್ತಲಾಗ್ತಿದ್ದಿದ್ದು ಇದರಿಂದ. ಜಾಸ್ತಿ ಬೆಳಕು ಬೇಕು ಅಂತ ಹಾಕಿಸಿದ್ದೇ ಇದ್ದ ಬೆಳಕನ್ನೂ ತೆಗೀತಿತ್ತು, ಅದೂ ಬೆಳಕು ಅತಿ ಬೇಕಾದ ಜಾಗದಲ್ಲಿ.

ಹಳೇ ಬಾಕ್ಸ್ ರಿಪೇರಿ ಆಗುತ್ತಾ ಅಂತ ಮೊದಲು ನೋಡಿದೆ, ಬೋರ್ಡ್ ಮೇಲೆ ಬರೀ ಹಸಿರು ಕೂತಿದ್ರೆ ಐಸೋಪ್ರೊಪೈಲ್ ಆಲ್ಕೊಹಾಲಲ್ಲಿ ಬ್ರಶ್ ಹಾಕಿ ತೊಳೆದು ಒಣಗಿಸಿ ಎಷ್ಟೋ ಬಾಕ್ಸ್ ಬದುಕುತ್ವೆ. ಇದರಲ್ಲಿ ಕಪ್ಲರ್ ಬುಡದ ಟ್ರ್ಯಾಕುಗಳು ತಿಂದುಹೋಗಿದ್ವು, ಲೈಟಿನ ಸ್ವಿಚ್ ಸುತ್ತ ಬೋರ್ಡ್ ಕಂದು ಬಣ್ಣಕ್ಕೆ ಸುಟ್ಟಿತ್ತು, ಪದರ ಪದರ ಇರೋ ಬೋರ್ಡಲ್ಲಿ ಒಳಗಿನ ಪದರ ಏನಾಗಿದೆ ಅಂತ ಕಣ್ಣಿಗೆ ಕಾಣಲ್ಲ. ಹೆಡ್‌ಲೈಟು, ವೈಪರ್ ಎರಡೂ ಅದರ ಮೇಲೆ ನಿಂತಿರುವಾಗ ನಡೆದ್ರೆ ನಡೀಲಿ ಅಂತ ಜಂಪರ್ ವೈರ್ ಬೆಸುಗೆ ಹಾಕಿ ಘಾಟಿಗೆ ಕಳಿಸೋಕೆ ನನಗೆ ಮನಸ್ಸು ಬರಲಿಲ್ಲ.

ಅವರ ಮಗ ಶಿವಾಜಿನಗರದ ಗುಜರಿಲಿ ಅರ್ಧಕ್ಕಿಂತ ಕಮ್ಮಿ ರೇಟಿಗೆ ಸಿಗುತ್ತೆ ಅಂದ. ಸಿಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಹೊರಗಿಂದ ಒಂದೇ ಥರ ಕಂಡ್ರೂ ಪಾರ್ಟ್ ನಂಬರಿನ ಕೊನೆಯ ಅಕ್ಷರ ಬೇರೆ ಇದ್ರೆ ಒಳಗಿನ ಸಾಫ್ಟ್‌ವೇರ್ ಬೇರೆ ಇರಬಹುದು, ಜೊತೆಗೆ ಅದರೊಳಗೆ ಬೇರೆ ಗಾಡಿಯ ಚಾಸಿ ನಂಬರು, ಬೇರೆ ಕೀಗಳ ಗುರುತು ಕೂತಿರುತ್ತೆ. ಇಮ್ಮೊಬಿಲೈಸರ್ ಒಳಗಿರೋ ಬಾಕ್ಸ್ ಆದ್ರೆ ಇಂಜಿನ್ ಇಸಿಎಂ ಅದನ್ನ ಗುರುತು ಹಿಡಿಯಲ್ಲ, ಗಾಡಿ ಸ್ಟಾರ್ಟೇ ಆಗಲ್ಲ. ಕೆಲವು ಮಾಡೆಲ್‌ಗಳಲ್ಲಿ ಹಳೇ ಬಾಕ್ಸನ್ನ ಮತ್ತೆ ಹೊಸದಾಗಿ ಕೋಡ್ ಮಾಡೋಕೇ ಬಿಡಲ್ಲ. ಹೊಸದನ್ನೇ ಪಾರ್ಟ್ ನಂಬರ್ ಅಕ್ಷರ ಸಮೇತ ನೋಡಿ, ಚಾಸಿ ನಂಬರ್ ಕೊಟ್ಟು ಆರ್ಡರ್ ಹಾಕಿಸಿದೆ.

ಹಳೇದನ್ನ ಬಿಚ್ಚೋ ಮುಂಚೆ ಒಂದು ಕೆಲಸ ಇದೆ, ಇದನ್ನ ಮರೆತ್ರೆ ಆಮೇಲೆ ಬಹಳ ಹೆಣಗಬೇಕು. ಹಳೇ ಬಾಕ್ಸ್ ಇನ್ನೂ ಸ್ಕ್ಯಾನರ್ ಜೊತೆ ಮಾತಾಡ್ತಿರೋವಾಗಲೇ ಅದರ ಕಾನ್ಫಿಗರೇಷನ್ ಪೂರ್ತಿ ಓದಿ ಸೇವ್ ಮಾಡಿಕೊಳ್ಳಬೇಕು. ಹಿಂದೆ ಫಾಗ್ ಲ್ಯಾಂಪ್ ಇದೆಯಾ, ಆಟೋ ಲಾಕ್ ಇದೆಯಾ, ಯಾವ ಥರದ ಬಲ್ಬು, ಎಷ್ಟು ಕೀ, ಇದೆಲ್ಲ ಅದರಲ್ಲಿರುತ್ತೆ. ಬ್ಲೋವರ್ ಇಟ್ಟು ಚೆನ್ನಾಗಿ ಒಣಗಿಸಿದ ಮೇಲೆ ಬಾಕ್ಸ್ ಸ್ಥಿರವಾಗಿ ಮಾತಾಡ್ತು, ಎಲ್ಲಾ ಓದಿಕೊಂಡೆ.

ಬ್ಯಾಟರಿ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟೇ ಡ್ಯಾಶ್ ಕೆಳಗೆ ಕೈ ಹಾಕಿದೆ, ಅಲ್ಲಿ ಏರ್‌ಬ್ಯಾಗಿನ ಹಳದಿ ಕಪ್ಲರ್ ಇರುತ್ತೆ, ಅದರ ಹತ್ರ ಅವಸರ ಬೇಡ. ಹಸಿರಾಗಿದ್ದ ಪಿನ್ನುಗಳನ್ನ ಹೊರಗೆ ತೆಗೆದು ಹೊಸ ಟರ್ಮಿನಲ್ ಕ್ರಿಂಪ್ ಮಾಡಿದೆ. ನೀರು ಪಿನ್ ಹತ್ರ ನಿಲ್ಲಲ್ಲ, ವೈರಿನ ಎಳೆಗಳ ಮಧ್ಯೆ ಏರಿಕೊಂಡು ಹೋಗುತ್ತೆ, ಹಾಗಾಗಿ ತಾಮ್ರ ಹೊಳೆಯೋ ತನಕ ಕತ್ತರಿಸ್ತಾ ಹೋಗಬೇಕು, ಒಂದು ವೈರಲ್ಲಿ ಒಂದು ಗೇಣು ಕತ್ತರಿಸಿದ ಮೇಲೆ ಕೆಂಪು ತಾಮ್ರ ಕಾಣ್ತು. ಅಲ್ಲಿಂದ ಹೊಸ ವೈರ್ ಸೇರಿಸಿ, ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಹಾಕಿದೆ. ಹಳೇ ಹಸಿರು ಪಿನ್ನಿಗೆ ಹೊಸ ಬಾಕ್ಸ್ ಸಿಕ್ಕಿಸಿದ್ರೆ ರೋಗ ಅಲ್ಲೇ ಉಳಿದ ಹಾಗೆ.

ಪ್ರೋಗ್ರಾಮಿಂಗ್ ಮಾಡುವಾಗ ವೋಲ್ಟೇಜ್ ಅಲುಗಾಡಬಾರದು, ಮಧ್ಯದಲ್ಲಿ ಬಿದ್ರೆ ಹೊಸ ಬಾಕ್ಸೇ ಹಾಳಾಗೋ ಸಾಧ್ಯತೆ ಇದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೆ ಅಂತ ದೇವರಿಗೇ ಗೊತ್ತು, ಅದಕ್ಕೆ ಸಪೋರ್ಟ್ ಚಾರ್ಜರನ್ನ ಇನ್ವರ್ಟರ್ ಲೈನಿಗೆ ಹಾಕಿ 13.5 ವೋಲ್ಟ್ ಹತ್ರ ನಿಲ್ಲಿಸಿ, ಜೊತೆಗೆ ಇನ್ನೊಂದು ಫುಲ್ ಬ್ಯಾಟರಿ ಪ್ಯಾರಲಲ್ ಕೊಟ್ಟೆ. ಬ್ಲೋವರ್, ಲೈಟ್, ಸ್ಟೀರಿಯೋ ಎಲ್ಲಾ ಆಫ್. ಕೀ ಕಲಿಸೋಕೆ ಸೆಕ್ಯುರಿಟಿ ಕೋಡ್ ಬೇಕು, ಅದನ್ನ ಆರ್‌ಸಿ ಮತ್ತೆ ಓನರ್ ಐಡಿ ತೋರಿಸಿ ಅಧಿಕೃತ ಸರ್ವಿಸ್ ಸೆಂಟರಿಂದಲೇ ತಗೋಬೇಕು, ಹಾಗೇ ಇರಬೇಕು ಕೂಡ, ಯಾರು ಬೇಕಾದ್ರೂ ಕೀ ಕಲಿಸೋ ಹಾಗಿದ್ರೆ ಇಮ್ಮೊಬಿಲೈಸರ್ ಯಾಕೆ. ಎರಡನೇ ಕೀ ಬೆಂಗಳೂರಲ್ಲಿ ಮಗನ ಹತ್ರ ಇತ್ತು, ಅದು ಬರೋ ತನಕ ಕೆಲಸ ನಿಲ್ಲಿಸಿದ್ವಿ, ಈ ಗಾಡಿಲಿ ಕಲಿಸೋ ಹೊತ್ತಿಗೆ ಎದುರಿಗೆ ಇಲ್ಲದ ಕೀ ಲಿಸ್ಟಿಂದ ಹೊರಗೆ ಹೋಗುತ್ತೆ.

ಹೊಸ ಬಾಕ್ಸ್ ಖಾಲಿ ಬಂದಿರುತ್ತೆ. ಮೊದಲ ಸಲ ಕೂರಿಸಿದಾಗ ಆಟೋ ಲಾಕ್ ಇಲ್ಲ, ಇಂಡಿಕೇಟರ್ ಬೇಗ ಬೇಗ ಹೊಡಿಯೋದು, ಓನರ್ ಮುಖ ಸಣ್ಣದಾಯ್ತು. ಅದು ಕೆಟ್ಟಿದ್ದಲ್ಲ, ತಾನು ಯಾವ ಗಾಡಿಲಿ ಕೂತಿದ್ದೀನಿ ಅಂತ ಅದಕ್ಕೆ ಇನ್ನೂ ಗೊತ್ತಿರಲಿಲ್ಲ. ಸೇವ್ ಮಾಡಿದ್ದ ಕಾನ್ಫಿಗರೇಷನ್ ಬರೆದು, ಚಾಸಿ ನಂಬರ್ ಬರೆದು, ಎರಡೂ ಕೀ ಕಲಿಸಿ, ಪವರ್ ವಿಂಡೋ ಸ್ವಿಚ್ ಮೇಲಕ್ಕೆ ಒತ್ತಿ ಹಿಡಿದು ಗಾಜಿನ ಅಳತೆ ಕಲಿಸಿ, ಕೋಡೆಲ್ಲ ಅಳಿಸಿದ ಮೇಲೆ ಎಲ್ಲಾ ದಾರಿಗೆ ಬಂತು.

ತೊಟ್ಟಿ ಪೂರ್ತಿ ಖಾಲಿ ಮಾಡಿ ತೊಳೆದು, ಡ್ರೈನ್ ರಬ್ಬರ್ ಹೊಸದು ಹಾಕಿ, ಗ್ರಾಮೆಟ್ ಸುತ್ತ ಪಾಲಿಯುರೆಥೇನ್ ಸೀಲೆಂಟ್ ಹಚ್ಚಿದೆ. ವೈರಿಂಗ್ ಕಿಟ್ಟನ್ನ ಬಾಕ್ಸಿಗಿಂತ ಕೆಳಗೆ ಇಳಿಸಿ ಮತ್ತೆ ಮೇಲಕ್ಕೆ ತಿರುಗಿಸಿ ಕಟ್ಟಿದೆ, ಮುಂದೆ ಯಾವತ್ತಾದ್ರೂ ನೀರು ಬಂದ್ರೂ ಕೆಳಗಿನ ತಿರುವಲ್ಲಿ ತೊಟ್ಟಿಕ್ಕಿ ಹೋಗುತ್ತೆ, ಕಪ್ಲರ್ ತನಕ ಹತ್ತಲ್ಲ. ಡ್ಯಾಶ್ ಕೆಳಗೆ ಹಳೇ ಪೇಪರ್ ಹಾಸಿ ಗಾಜಿನ ಮೇಲೆ ಪೈಪಲ್ಲಿ ಅರ್ಧ ಗಂಟೆ ನೀರು ಬಿಟ್ವಿ, ಪೇಪರ್ ಒಣಗೇ ಇತ್ತು. ಎಲ್‌ಇಡಿ ಬಾರ್ ವೈರನ್ನ ಹೆಡ್‌ಲೈಟಿಂದ ಪೂರ್ತಿ ಬಿಡಿಸಿ, ಬ್ಯಾಟರಿಯಿಂದ ಬೇರೆ ಫ್ಯೂಸ್, ಬೇರೆ ರಿಲೇ, ಬೇರೆ ಸ್ವಿಚ್ ಕೊಟ್ಟೆ, ಎದುರು ಗಾಡಿ ಬರೋ ರಸ್ತೆಲಿ ಅದನ್ನ ಹಾಕಲೇಬೇಡಿ, ತೋಟದೊಳಗೆ ಮಾತ್ರ ಅಂತ ಖಡಾಖಂಡಿತವಾಗಿ ಹೇಳಿದ್ದೀನಿ, ಎದುರಿನವರ ಕಣ್ಣು ಕುಕ್ಕುತ್ತೆ, ಮಂಜಲ್ಲಂತೂ ತಮ್ಮ ಕಣ್ಣಿಗೇ ಬೆಳ್ಳಗೆ ಗೋಡೆ ಕಟ್ಟಿದ ಹಾಗೆ ಆಗುತ್ತೆ.

ಲಾಕ್ ಮಾಡಿ ಮುಕ್ಕಾಲು ಗಂಟೆ ಬಿಟ್ಟು ಅಳೆದಾಗ 30 ಮಿಲಿಆಂಪ್. ಆ ವರ್ಷದ ಉಳಿದ ಮಳೆ ಪೂರ್ತಿ ಅದೇ ಮರದ ಕೆಳಗೇ ನಿಂತಿತ್ತು ಗಾಡಿ, ವೈಪರ್ ಆಗ್ಲಿ ಲಾಕ್ ಆಗ್ಲಿ ಆಟ ಆಡಿಲ್ಲ, ಎಡ ಹೆಡ್‌ಲೈಟ್ ಒಂದು ಸಲವೂ ಆರಿಲ್ಲ. ಹಿಂದಿನ ಎಡ ಡೋರಿನ ಲಾಕ್ ಮೋಟರ್ ಸ್ವಲ್ಪ ನಿಧಾನ ಇದೆ, ತಿಂಗಳುಗಟ್ಟಲೆ ಸುಮ್ಮನೆ ಹೊಡ್ಕೊಂಡು ಸವೆದಿರಬೇಕು. ಅದನ್ನ ಕಾಫಿ ಕುಯ್ಲು ಮುಗಿದ ಮೇಲೆ ತರ್ತೀನಿ ಅಂದಿದ್ದಾರೆ.